ಗಾಲಿಗೆ ಕೊಟ್ಟ ಕಲ್ಲು

೧ ಆಗಸ್ಟ್ ೧೯೮೩, ಸೋಮವಾರ

ದವಾಖಾನೆಯಲ್ಲಿ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಗಾಳಿ ಒತ್ತಿದರು, ಪಾದರಸ ಏರಿದ್ದು ನೋಡಿ ಹುಬ್ಬು ಏರಿಸಿದರು. "ವೀರಭದ್ರಮ್ಮಾರ, ಸಿಟ್ಟು ಕಮ್ಮಿ ಮಾಡ್ರಿ. ಇಲ್ಲಾಂದ್ರ ಒಂದಿನ ನರ ಹರೀತದ ನೋಡ್ರಿ" ಅಂದರು. ಸಿಟ್ಟೇನು ಉಪ್ಪೇ, ಸಾರಿಗೆ ಕಮ್ಮಿ ಹಾಕಲು? ಬಾಯಲ್ಲಿ ಆಡುವುದನ್ನು ಬರೆದಿಟ್ಟರೆ ಒಂದಿಷ್ಟು ಇಳಿದೀತು ಎಂದು ನಾನು ಕಲಿಸುವ ಶಾಲೆಯಲ್ಲಿ ಉಳಿದ ಈ ಹಾಜರಿ ಪುಸ್ತಕ ತೆಗೆದಿದ್ದೇನೆ. ಓದುವವರು ಯಾರೂ ಇಲ್ಲ. ಅತ್ತೆಗೆ ಕಣ್ಣಿಲ್ಲ. ಅವರ ಮಗ, ಅಂದರೆ ನನ್ನ ಗಂಡ, ತೀರಿಹೋಗಿ ಒಂಬತ್ತು ವರ್ಷ. ಹಾಗಾಗಿ ಇಲ್ಲಿ ಸುಳ್ಳು ಬರೆಯುವ ಕಾರಣವೂ ಇಲ್ಲ.

ಈಗಿನ ಸಿಟ್ಟಿನ ಹೆಸರು ದುರುಗಪ್ಪ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಕೆಳಗಿನ ಮನೆಯವನು. ಮಾನ್ವಿ ಕಡೆಯ ಕಲ್ಲೂರಿನವನು. ಕುರಿ ಮಾರಿ ಹಳೆಯ ಮೆಟಡಾರ್ ಕೊಂಡು, ರಾಯಚೂರು, ಮಾನ್ವಿ, ದೇವದುರ್ಗ ಎಂದು ಜನರನ್ನೂ ಅಕ್ಕಿ ಚೀಲವನ್ನೂ ಒಟ್ಟಿಗೇ ತುಂಬಿ ಓಡಿಸುತ್ತಾನೆ. ಓಡಿಸಲಿ, ಯಾರು ಬೇಡ ಅಂದರು? ಆದರೆ ತಂದು ನಿಲ್ಲಿಸುವುದು ನನ್ನ ಬಾಗಿಲ ಮುಂದೆ. ಆ ಗಾಡಿಗೆ ಸೆಲ್ಫ್ ಇಲ್ಲ, ಹ್ಯಾಂಡ್ ಬ್ರೇಕಿಲ್ಲ, ಗೇರು ಸವೆದು ಹಾಕಿದಲ್ಲಿ ನಿಲ್ಲುವುದಿಲ್ಲ. ಕೋಟೆ ಗುಡ್ಡದಿಂದ ಇಳಿಯುವ ನಮ್ಮ ಓಣಿಯ ಇಳಿಜಾರು ಇರುವುದು ನನ್ನ ಮನೆಯ ಮುಂದೆ. ಅವನ ಮನೆಯ ಹತ್ತಿರ ನೆಲ ಸಮ. ಸಂಜೆ ಅವನು ಗಾಡಿಯನ್ನು ಹಿಂದಕ್ಕೆ ಹತ್ತಿಸಿ ತರುತ್ತಾನೆ, ಹೆಂಡತಿ ಬಂಡೆಮ್ಮ ಓಡಿ ಬಂದು ಮುಂದಿನ ಗಾಲಿಗೆ ಕಲ್ಲು ಕೊಡುತ್ತಾಳೆ. ಬೆಳಿಗ್ಗೆ ಅವಳೇ ಕಲ್ಲು ತೆಗೆಯುತ್ತಾಳೆ, ಗಾಡಿ ಉರುಳಿ, ಕೆಮ್ಮಿ, ಚಾಲೂ ಆಗುತ್ತದೆ. ಒಟ್ಟಿನಲ್ಲಿ ಆ ಗಾಡಿಯ ಬ್ರೇಕು ಅಂದರೆ ಬಂಡೆಮ್ಮನ ಕೈ.

ಅತ್ತೆ ಚನ್ನಮಲ್ಲಮ್ಮನವರಿಗೆ ಎಂಬತ್ತಾಗಿದೆ. ಬಾಗಿಲ ಪಕ್ಕದ ಕಟ್ಟೆಯೇ ಅವರ ಊರು. ಅಲ್ಲಿ ಕೂತು ಬಿಸಿಲು ಕಾಯುತ್ತಾರೆ, ನಡಿಗೆಯ ಸಪ್ಪಳದಲ್ಲೇ ಬಂದವರನ್ನು ಗುರುತು ಹಿಡಿಯುತ್ತಾರೆ. ಈಗ ಕಟ್ಟೆಗೂ ಗಾಡಿಗೂ ನಡುವೆ ಒಂದು ಮೊಳ ಜಾಗವಿಲ್ಲ. ಇವತ್ತು ನಯವಾಗಿಯೇ ಕೇಳಿದೆ.

"ದುರುಗಪ್ಪ, ನಮ್ಮ ಅತ್ತಿ ಓಡಾಡಾಕ ಜಗಾ ಬಿಟ್ಟು ನಿಂದ್ರಸಪ್ಪ."

"ರಸ್ತಾ ಏನ್ ನಿಮ್ಮಪ್ಪಂದೇನ್ರಿ ಅಕ್ಕೋರ? ಸರ್ಕಾರದ್ದು. ಗಾಡಿ ಮತ್ತ ತಲಿ ಮ್ಯಾಲ ಹೊತ್ಕೊಂಡು ನಿಂದ್ರಲೇನು?"

'ನಿಮ್ಮಪ್ಪ' ಎಂದು ಬೈದರೂ 'ರೀ' ಹಚ್ಚುವುದು ಮರೆಯಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಒಳಗೆ ಬಂದೆ.

೪ ಆಗಸ್ಟ್, ಗುರುವಾರ

ಓಣಿಯ ಹಿರಿಯರು ಎಂದರೆ ಅಕ್ಕಿ ಗಿರಣಿಯ ಶಂಭುಲಿಂಗಪ್ಪನವರು. ಮೊನ್ನೆ ಅವರಿಗೆ ಹೇಳಿ ಬಂದಿದ್ದೆ. ಇವತ್ತು ಅವರು ದುರುಗಪ್ಪನನ್ನು ಗಿರಣಿಗೆ ಕರೆಸಿ ಹಮಾಲರ ಮುಂದೆಯೇ ಉಗಿದರಂತೆ. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡು ಮನೆಗೆ ಬಂದು, ಕದ ಹಾಕಿ, ಹರಿದ ಫ್ಯಾನ್ ಬೆಲ್ಟು ತೆಗೆದುಕೊಂಡು ಬಂಡೆಮ್ಮನನ್ನು ಹೊಡೆದ.

ನಡುವೆ ಒಂದೇ ಗೋಡೆ. ಏಟು ಕೇಳುತ್ತದೆ, ಏಟಿಗೆ ಮುಂಚಿನ ಉಸಿರೂ ಕೇಳುತ್ತದೆ. ನಾನು ಹೋಗಿ ಕದ ಬಡಿದೆ, ತೆರೆಯಲಿಲ್ಲ. ಅವನು ಹೊರಗೆ ಹೋದ ಮೇಲೆ ಬಂಡೆಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕುಪ್ಪಸ ಬೆನ್ನಿಗೆ ಅಂಟಿತ್ತು. ನೀರು ಹಾಕಿ ಬಿಡಿಸಿ, ಕುಸುಬಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ.

"ಗಾಡಿ ಬಂದಾಗಿಂದ ಹಿಂಗ ಅದ್ರಿ ಅಕ್ಕೋರ. ಗಾಡಿಗೆ ಏನಾದ್ರೂ ಬೆನ್ನು ನಂದು" ಅಂದಳು. ನಗುತ್ತಲೇ ಅಂದಳು, ಹುಚ್ಚಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೋ, ಇವತ್ತು ಕಣ್ಣಾರೆ ಕಂಡೆ. ಅವಳ ಜೊತೆ ಕೂತು ನಾನೂ ಕಣ್ಣೀರು ಹಾಕಿದೆ. ನನ್ನ ಹತ್ತು ಅಡಿ ನೆಲಕ್ಕಾಗಿ ಅವಳ ಬೆನ್ನು ಯಾಕೆ ಒಡೆಯಬೇಕು? ಇನ್ನು ಆ ಗಾಡಿಯ ಸುದ್ದಿಗೆ ಹೋಗುವುದಿಲ್ಲ. ಗುರುಬಸವನ ಆಣೆ.

೧೩ ಆಗಸ್ಟ್, ಶನಿವಾರ

ಆಣೆ ಒಂಬತ್ತು ದಿನ ನಿಂತಿತು.

ಇವತ್ತು ಮುಂಜಾನೆ ಸೆರಗು ಗಾಡಿಯ ಕೊಂಡಿಗೆ ಸಿಕ್ಕಿ ಅತ್ತೆ ಬಿದ್ದರು. ಮೊಣಕೈ ಕಿತ್ತಿತು. ದುರುಗಪ್ಪ ಗಾಡಿಯಲ್ಲೇ ಕೂತು ಬೀಡಿ ಸೇದುತ್ತಿದ್ದವನು ಇಳಿಯಲೂ ಇಲ್ಲ. "ಮುದುಕಿ ಒಳಗ ಕುಂದ್ರಬೇಕ್ರಿ" ಅಂದ. ಅವನು ಚಹಾಕ್ಕೆ ತೀನ್ ಕಂದೀಲ್ ಚೌಕದ ಕಡೆ ಹೋದದ್ದೇ ತಡ, ತಲೆಯ ಪಿನ್ನು ತೆಗೆದು ಹಿಂದಿನ ಎರಡೂ ಗಾಲಿಯ ಗಾಳಿ ಬಿಟ್ಟೆ. ಎಷ್ಟು ಹಿತವಾದ ಸಪ್ಪಳ! ಒಂಬತ್ತು ವರ್ಷದಲ್ಲಿ ಇಷ್ಟು ಹಗುರ ಅನ್ನಿಸಿರಲಿಲ್ಲ. ಡಾಕ್ಟರು ಮಾತ್ರೆ ಬದಲು ಇದನ್ನು ಬರೆದುಕೊಡಬಹುದಿತ್ತು.

ಬಂಡೆಮ್ಮನಿಗೆ ನಾಲ್ಕು ಏಟು ಬಿದ್ದವು. ಎಣಿಸಿದೆ. ಹೋದ ಸಲಕ್ಕಿಂತ ಕಡಿಮೆ. ಹಿತ್ತಲ ಗೋಡೆಯ ಮೇಲೆ ಅರಿಶಿನ ಎಣ್ಣೆಯ ಬಟ್ಟಲು ಇಟ್ಟು ಬಂದೆ.

೨೯ ಆಗಸ್ಟ್, ಸೋಮವಾರ

ದುರುಗಪ್ಪ ಬೇಕಂತಲೇ ಗಾಡಿ ಹಿಂದಕ್ಕೆ ಬಿಟ್ಟು ನಮ್ಮ ಕಟ್ಟೆಗೆ ಹಾಸಿದ ಪರಸಿ ಬಂಡೆ ಒಡೆದ. ನಾನು ಹಾರೆ ತಂದು ಗಾಡಿಯ ಎರಡೂ ದೀಪ ಒಡೆದೆ. ಓಣಿಯೆಲ್ಲ ನೋಡಿತು, ನೋಡಲಿ. ಮೆತ್ತಗಿದ್ದವರಿಗೆ ಮತ್ತೊಂದು ಗುದ್ದು ಅನ್ನುವುದನ್ನು ನಾನು ತಡವಾಗಿ ಕಲಿತೆ.

ಗೋಡೆಯಾಚೆ ಗದ್ದಲ. ಇಡೀ ಸಂಜೆ. ತಲೆನೋವು ಬಂತು.

೩೧ ಆಗಸ್ಟ್, ಬುಧವಾರ

ಐದನೇ ಇಯತ್ತೆಯ ಒಬ್ಬ ಹುಡುಗಿ ಮಗ್ಗಿ ತಪ್ಪಿದಳು. ಕೈ ತುಸು ಜೋರಾಯಿತು. ಕಿವಿಯಿಂದ ರಕ್ತ ಬಂತಂತೆ. ಹೆಡ್‌ಮಾಸ್ತರು ಕರೆದು, "ಏನ್ರಿ ಇದು, ಇಪ್ಪತ್ತು ವರ್ಷದಾಗ ನಿಮ್ಮ ಮ್ಯಾಲ ಒಂದು ಮಾತು ಇದ್ದಿದ್ದಿಲ್ಲ" ಅಂದರು. ಇಪ್ಪತ್ತು ವರ್ಷ ಮಕ್ಕಳು ಮಗ್ಗಿ ಸರಿಯಾಗಿ ಹೇಳುತ್ತಿದ್ದವು.

೧೪ ಸೆಪ್ಟೆಂಬರ್, ಬುಧವಾರ

ಇವತ್ತು ಹೊಡೆದಾಟವೇ ಆಯಿತು. ಕಸ ಗುಡಿಸುವಾಗ ಪೊರಕೆ ಗಾಡಿಗೆ ತಾಗಿತು ಎಂದು ಅವನು ಪೊರಕೆ ಕಿತ್ತು ಚರಂಡಿಗೆ ಎಸೆದ. ನಾನು ಅವನ ಕೆನ್ನೆಗೆ ಹೊಡೆದೆ. ಅವನು ನನ್ನ ತುರುಬು ಹಿಡಿದು ಗಾಡಿಯ ಕದಕ್ಕೆ ತಲೆ ಬಡಿದ, ಎರಡು ಸಲ. ಬಾಯಿಗೆ ಸಿಕ್ಕ ಅವನ ಬೆರಳನ್ನು ಕಚ್ಚಿದೆ. ಮೂಳೆ ಹಲ್ಲಿಗೆ ತಾಗುವವರೆಗೆ ಬಿಡಲಿಲ್ಲ. ಎದುರುಮನೆಯ ಮೆಕ್ಯಾನಿಕ್ ಮೆಹಬೂಬ್ ಪಾಷಾ ಓಡಿ ಬಂದು ನಡುವೆ ಬಿದ್ದ.

"ಛೋಡೋ ಭಾಯಿ! ಅಕ್ಕೋರ, ಬಾಯಿ ಬಿಡ್ರಿ, ಬೆರಳು ತುಂಡಾಗ್ತದ!"

ಪೊಲೀಸ್ ಚೌಕಿಗೂ ಹೋದೆವು. ಓಣಿಯ ಜಗಳ ಓಣಿಯಲ್ಲೇ ಮುಗಿಸಿಕೊಳ್ಳಿ ಎಂದು ಇಬ್ಬರನ್ನೂ ಕಳಿಸಿದರು. ಹಣೆಗೆ ಮೂರು ಹೊಲಿಗೆ. ಬಾಯಿ ಎಷ್ಟು ಮುಕ್ಕಳಿಸಿದರೂ ಅವನ ರಕ್ತದ ರುಚಿ ಹೋಗಿಲ್ಲ. ಹೇಸಿಗೆ ಆಗಬೇಕಿತ್ತು. ಆಗಿಲ್ಲ.

ಸಂಜೆ ಗೋಡೆಯಾಚೆ ಏನಾಯಿತೋ, ನಾನು ರೇಡಿಯೊ ಹಚ್ಚಿಕೊಂಡಿದ್ದೆ.

೨೨ ಸೆಪ್ಟೆಂಬರ್, ಗುರುವಾರ

ಬಂಡೆಮ್ಮ ಬಂದಿದ್ದಳು. ಒಂದು ಕಣ್ಣು ಮುಚ್ಚಿಹೋಗಿದೆ. ಒಳಗೆ ಕೂಡು ಎಂದರೂ ಕೂಡಲಿಲ್ಲ.

"ನಿಮ್ಮ ಕಾಲಿಗೆ ಬೀಳ್ತೀನ್ರಿ ಅಕ್ಕೋರ, ಆ ಗಾಡಿ ಗೊಡವಿಗೆ ಹೋಗಬ್ಯಾಡ್ರಿ. ನೀವು ಗಾಡಿಗೆ ಒಂದು ಹಾಕಿದ್ರ ಅಂವ ನನಗ ನಾಕು ಹಾಕ್ತಾನ. ಇನ್ನ ಒಂದ್ ಸಲ ಆದ್ರ ನಾ ಉಳಿಯಂಗಿಲ್ರಿ."

"ನಿನಗೇನು ಕೈ ಇಲ್ಲೇನು? ನೀನೂ ತಿರುಗಿ ಹೊಡಿ" ಅಂದೆ.

"ಹೊಡದು ಎಲ್ಲಿಗೆ ಹೋಗ್ಲಿ? ಬಾಗಲವಾಡದಾಗ ನಮ್ಮವ್ವ ಒಬ್ಬಾಕಿ ಅದಾಳ."

ಹೇಳಿದ್ದನ್ನೇ ಹೇಳುತ್ತಾ ನಿಂತಳು. ಅವಳ ಆ ಬಾತ ಮುಖ ನೋಡುತ್ತಿದ್ದರೆ ಯಾಕೋ ಅವಳ ಮೇಲೇ ಸಿಟ್ಟು ಬಂತು. ಹೀಗೆ ಹೊಡೆಸಿಕೊಳ್ಳುವವರು ಇರುವುದರಿಂದಲೇ ಹೊಡೆಯುವವರು ಇರುವುದು. ಅರಿಶಿನ ಮುಗಿದಿತ್ತು, ತರಿಸಬೇಕು.

೬ ಅಕ್ಟೋಬರ್, ಗುರುವಾರ, ಮಹಾಲಯ ಅಮಾವಾಸ್ಯೆ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಇಲ್ಲೂ ಬರೆಯದಿದ್ದರೆ ಇನ್ನೆಲ್ಲಿ?

ಅಮಾವಾಸ್ಯೆಯ ದಿನ ದುರುಗಪ್ಪ ಗಾಡಿ ಹೊರಡಿಸುವುದಿಲ್ಲ. ಶಾಲೆಗೂ ಸೂಟಿ. ಒಂಬತ್ತು ಗಂಟೆಗೆ ಅವನು ಗಾಡಿ ತೊಳೆದ. ಸೋಪು, ಎಣ್ಣೆ, ಮಣ್ಣು ಎಲ್ಲ ಸೇರಿದ ಕರಿ ನೀರು ನನ್ನ ಹೊಸಿಲವರೆಗೆ ಬಂತು. ತೆಂಗು ಒಡೆದು ಪೂಜೆ ಮಾಡಿ, ಒಂದು ಟ್ಯೂಬು ಹಿಡಿದು ಕೆಳಗೆ ತನ್ನ ಮನೆಯ ಮೆಟ್ಟಿಲ ಮುಂದೆ ನಮಗೆ ಬೆನ್ನು ಮಾಡಿ ಪಂಚರ್ ಹಚ್ಚಲು ಕೂತ.

ಅತ್ತೆ ಕಟ್ಟೆಗೆ ಹೊರಟವರು ಆ ಸೋಪಿನ ನೀರಲ್ಲಿ ಜಾರಿ ಗಾಡಿಯ ಮೂಲೆಗೆ ಮುಖ ಬಡಿಸಿಕೊಂಡರು. ಬಾಯಿ ತುಂಬ ರಕ್ತ. ಇದ್ದ ನಾಲ್ಕು ಹಲ್ಲಿನಲ್ಲಿ ಎರಡು ನನ್ನ ಅಂಗೈಗೆ ಬಂದವು. ಅವರನ್ನು ಒಳಗೆ ಕೂಡಿಸಿ ಹೊರಗೆ ಬಂದು ಕೂಗಿದೆ.

"ಏ ದುರುಗ! ಬಂದು ನೋಡು ಏನ್ ಮಾಡಿದಿ ಅಂತ!"

ಅವನು ತಿರುಗಲೂ ಇಲ್ಲ. "ಕುರುಡಿನ್ನ ಹೊರಗ ಯಾಕ ಬಿಡ್ತೀ?" ಅಂದ. 'ರೀ' ಕೂಡ ಹೋಗಿತ್ತು.

ಹಾರೆ ಬಾಗಿಲ ಹಿಂದೆಯೇ ಇತ್ತು, ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬಂಡೆಮ್ಮ ಕೊಟ್ಟ ಕಲ್ಲು ಗಾಲಿಗೆ ಬಿಗಿಯಾಗಿ ಕೂತಿತ್ತು, ಎಷ್ಟು ಬಿಗಿ ಎಂದರೆ ಮೊದಲ ಸಲ ಮೀಟಿದಾಗ ಅಲುಗಲಿಲ್ಲ. ಅಲ್ಲಿಗೆ ಬಿಡಬಹುದಿತ್ತು. ಎರಡನೇ ಸಲ ಭಾರ ಬಿಟ್ಟು ಮೀಟಿದೆ. ಗಾಡಿ ಸದ್ದಿಲ್ಲದೆ ಹೊರಟಿತು. ಅವನು ಕೆಳಗೆ ಕೂತದ್ದು ಕಾಣುತ್ತಿತ್ತು. ಕೂಗಿದ್ದರೆ ಏಳುತ್ತಿದ್ದ. ನಾನು ಬಾಯಿ ತೆರೆಯಲಿಲ್ಲ.

ಮೆಟ್ಟಿಲಿಗೂ ಗಾಡಿಗೂ ನಡುವೆ ಅವನ ಬಲಗಾಲು ಮೊಣಕಾಲಿನ ಕೆಳಗೆ ಹಿಟ್ಟಾಯಿತು. ಆ ಕೂಗು ಮನುಷ್ಯರದ್ದಲ್ಲ. ಬಂಡೆಮ್ಮ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿ ಬಂದು ಒಬ್ಬಳೇ ಗಾಡಿ ಎತ್ತಲು ಹೋದಳು. ಪಾಷಾ ಮತ್ತು ಹತ್ತು ಜನ ಸೇರಿ ದಬ್ಬಿದರು. ಹೊರಗೆ ಎಳೆದಾಗ ಕಾಲು ಪ್ಯಾಂಟಿನೊಳಗೆ ಬೇರೆ ದಿಕ್ಕಿಗೆ ತಿರುಗಿತ್ತು, ಮೂಳೆ ಬಟ್ಟೆ ಹರಿದು ಬಂದಿತ್ತು. ಎಚ್ಚರ ತಪ್ಪುವ ಮುಂಚೆ ಅವನು ಆಡಿದ ಮಾತು ಒಂದೇ.

"ಕಲ್ಲು ಬರೋಬ್ಬರಿ ಕೊಟ್ಟಿದ್ದಿಲ್ಲೇನಲೇ ಬೋಳಿ!"

ಅಷ್ಟರಲ್ಲಿ ನಾನು ಹಾರೆಯನ್ನು ಹಿತ್ತಲಿಗೆ ಒಯ್ದು ತೊಳೆದಿಟ್ಟಿದ್ದೆ. ಅತ್ತೆ ಬಾಯಿಗೆ ಬಟ್ಟೆ ಒತ್ತಿಕೊಂಡು, "ಹಾರಿ ಸಪ್ಪಳಾತಲ್ಲ ವೀರಭದ್ರಿ?" ಅಂದರು.

"ಇಲ್ಲ ಅತ್ತೀ. ಗಾಡಿ ಜಾರಿತು."

ನನ್ನ ಕೈ ನಡುಗುತ್ತಿಲ್ಲ. ಅಕ್ಷರ ನೋಡಿದರೆ ಗೊತ್ತಾಗುತ್ತದೆ.

೧೦ ಅಕ್ಟೋಬರ್, ಸೋಮವಾರ

ಕಾಲು ಕತ್ತರಿಸಿದರು. ಕಲ್ಲೂರಿನಿಂದ ದುರುಗಪ್ಪನ ಅಣ್ಣ ಜಂಬಣ್ಣ ಬಂದಿದ್ದಾನೆ. ದವಾಖಾನೆಯಿಂದ ಬಂದವನೇ ಬಂಡೆಮ್ಮನ ಕೂದಲು ಹಿಡಿದು ಹೊರಗೆಳೆದು, ಓಣಿಯ ನಡುವೆ ಹೊಟ್ಟೆಗೆ ಒದ್ದ. "ನನ್ನ ತಮ್ಮನ ಕಾಲು ತಿಂದಿ, ಲೇ!" ಎಂದು ಒಂದೊಂದು ಒದೆಗೂ ಹೇಳುತ್ತಿದ್ದ. ಪಾಷಾ ಬಿಡಿಸಲು ಹೋಗಿ ತಾನೂ ತಿಂದ.

ಅತ್ತೆಗೆ ಗದ್ದಲ ಆಗಬಾರದು ಎಂದು ನಾನು ಕದ ಮುಚ್ಚಿ ಚಿಲಕ ಹಾಕಿದೆ. ಇವತ್ತು ಬಾಗಿಲ ಮುಂದೆ ಸಾರಿಸಿ ದೊಡ್ಡ ರಂಗೋಲಿ ಹಾಕಿದ್ದೆ. ಅದರ ಮೇಲೆಲ್ಲ ಒದ್ದಾಡಿ ಕೆಡಿಸಿದರು.

೨೩ ಅಕ್ಟೋಬರ್, ಭಾನುವಾರ

ಶಂಭುಲಿಂಗಪ್ಪನವರ ಗಿರಣಿಯ ಅಂಗಳದಲ್ಲಿ ಪಂಚಾಯಿತಿ. ದುರುಗಪ್ಪನಿಂದ ಬಂಡೆಮ್ಮನ ಮದುವೆ ಬಿಡಿಸಬೇಕು, ಅವಳು ಬೇಕಂತಲೇ ಕಲ್ಲು ಕೊಟ್ಟಿಲ್ಲ ಎಂದು ಜಂಬಣ್ಣನ ದೂರು. ಪಾಷಾ ಎದ್ದು, "ಕಲ್ಲು ಆಕಿನಽ ಕೊಟ್ಟಿದ್ಲು. ಹಿಂದಿನ ಸಂಜಿಲಿಂದ ನಿಂತ ಗಾಡಿ ಮರುದಿನ ಹತ್ತಕ್ಕ ಹೆಂಗ ಜಾರ್ತದ?" ಅಂದ. ಅವನಿಗೇನು ಗೊತ್ತು ಎಂದು ಕೂರಿಸಿದರು.

ಬಂಡೆಮ್ಮ ಬೀರಪ್ಪನ ಭಂಡಾರ ತರಿಸಿ ಅಂದಳು. ಅವರ ಜನಕ್ಕೆ ಆ ಅರಿಶಿನದ ಪುಡಿಗಿಂತ ದೊಡ್ಡ ಸಾಕ್ಷಿಯಿಲ್ಲ. ಬಲಗೈಯಲ್ಲಿ ಮುಷ್ಟಿ ತುಂಬ ಹಿಡಿದು, "ಈ ಕೈಲೇ ಕಲ್ಲು ಕೊಟ್ಟೀನಿ. ಸುಳ್ಳಾದ್ರ ಈ ಕೈ ಮುರೀಲಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರು ಬಾಗಲದಾಗ ಇದ್ರು. ಅವ್ರನ್ನಽ ಕೇಳ್ರಿ. ಅವ್ರು ಹೇಳಿದಂಗ ಆಗ್ಲಿ" ಅಂದಳು.

ಒಂದು ಮಾತು ಸಾಕಿತ್ತು. ಕಲ್ಲಿತ್ತು ಅಂದರೆ, ತೆಗೆದವರು ಯಾರು ಎಂದು ಮುಂದಿನ ಪ್ರಶ್ನೆ. ನೌಕರಿ ಹೋಗುತ್ತದೆ, ಜೈಲಾಗುತ್ತದೆ, ಕುರುಡು ಮುದುಕಿ ಯಾರ ಕಟ್ಟೆಯ ಮೇಲೆ ಕೂರಬೇಕು? ಭಯವಾಯಿತು, ಇಲ್ಲ ಅನ್ನುವುದಿಲ್ಲ. ವಿಭೂತಿ ಮುಟ್ಟಿಸುತ್ತಾರೆ, ಮುಟ್ಟಿ ಹೇಗೆ ಹೇಳಲಿ ಅನ್ನುವುದೇ ಯೋಚನೆ. ಯಾರೋ ವಿಭೂತಿ ಗಟ್ಟಿ ತಂದರು ಕೂಡ. ಶಂಭುಲಿಂಗಪ್ಪನವರೇ ಕೈ ಅಡ್ಡ ಹಿಡಿದರು.

"ಏ, ತಗೀರಿ ಅದನ್ನ. ಮಕ್ಕಳಿಗೆ ಅಕ್ಷರ ಕಲಸಾಕಿ ಬಾಯಾಗ ಸುಳ್ಳು ಬರ್ತದೇನು? ಅವರಿಗ್ಯಾಕ ಆಣಿ. ಹೇಳ್ರವ್ವಾ."

"ನಾನು ನೋಡಿದಾಗ ಗಾಲಿಗೆ ಕಲ್ಲಿದ್ದಿಲ್ಲ" ಅಂದೆ.

ಬಂಡೆಮ್ಮ ನನ್ನನ್ನೇ ನೋಡುತ್ತಿದ್ದಳು. ಮುಷ್ಟಿ ಬಿಚ್ಚಿ ತನ್ನ ಅಂಗೈ ನೋಡಿಕೊಂಡಳು.

೨೫ ಅಕ್ಟೋಬರ್, ಮಂಗಳವಾರ

ಮದುವೆ ಬಿಡಿಸಲು ಪಂಚಾಯಿತಿ ಒಪ್ಪಿದ್ದು ಅವರಿಗೆ ಸಾಲಲಿಲ್ಲ. ಭಂಡಾರ ಹಿಡಿದು ಸುಳ್ಳು ಹೇಳಿದರೆ ಮನೆತನಕ್ಕೇ ಕೇಡಂತೆ. ಅದಕ್ಕೆ ಜಂಬಣ್ಣ ಅವಳ ಬಲಗೈಯನ್ನು ಹೊಸಿಲ ಮೇಲೆ ಇಡಿಸಿ ಜಾಕಿನ ರಾಡಿನಿಂದ ಹೊಡೆದ. ಗೋಡೆಯಾಚೆಯಿಂದ ನಾಲ್ಕು ಸಪ್ಪಳ ಬಂದವು. ಐದನೆಯದಕ್ಕೆ ಕಾದೆ, ಬರಲಿಲ್ಲ.

ಊಟ ಸೇರಲಿಲ್ಲ. ಬದನೆಕಾಯಿಗೆ ಉಪ್ಪು ಹೆಚ್ಚಾಗಿತ್ತು.

೯ ನವೆಂಬರ್, ಬುಧವಾರ

ಮೆಟಡಾರನ್ನು ಜಂಬಣ್ಣ ಕಲ್ಲೂರಿಗೆ ಎಳೆಸಿಕೊಂಡು ಹೋದ. ಬಾಗಿಲ ಮುಂದೆ ಜಾಗವೋ ಜಾಗ, ಸಂಜೆಯವರೆಗೆ ಬಿಸಿಲು. ಕಟ್ಟೆಗೆ ಹೊಸ ಪರಸಿ ಹಾಕಿಸಿದೆ. ಅತ್ತೆ ಮಾತ್ರ ಹೊರಗೆ ಬರುವುದಿಲ್ಲ. ಕೈ ಹಿಡಿದರೆ ಬಿಡಿಸಿಕೊಳ್ಳುತ್ತಾರೆ. ಹದಿನೈದು ದಿನದಿಂದ ನನ್ನ ಜೊತೆ ಮಾತಿಲ್ಲ, ನಾನು ಬಡಿಸಿದ್ದು ಬೇಡ ಎಂದು ಬರೀ ರೊಟ್ಟಿ ತಾವೇ ತಡವಿ ತೆಗೆದುಕೊಂಡು ತಿನ್ನುತ್ತಾರೆ. ವಯಸ್ಸಾಯಿತು, ಅರಳು ಮರುಳು.

ಮಧ್ಯಾಹ್ನ ಬಂಡೆಮ್ಮ ಬಂದಳು. ಬಲಗೈಗೆ ಬಿದಿರ ದಬ್ಬೆ ಕಟ್ಟಿ ಕೊರಳಿಗೆ ಜೋತು ಹಾಕಿದ್ದಾರೆ, ಬೆರಳು ಕಪ್ಪಾಗಿವೆ. ಬಾಗಲವಾಡದ ಅವ್ವ ಕರೆಮ್ಮನಿಗೆ ಒಂದು ಕಾಗದ ಬರೆದುಕೊಡಿ ಅಂದಳು. ಅಂಚೆಯವನು ಓದಿ ಹೇಳುತ್ತಾನಂತೆ. ನಾನು ಇನ್‌ಲ್ಯಾಂಡ್ ತೆಗೆದು ಕೂತೆ. ಅವಳು ನೆಲದ ಮೇಲೆ ಕೂತು ಹೇಳಿದಳು.

"ಯವ್ವಾ, ನನ್ನ ಬಿಟ್ಟಾರ. ಬಂದು ಕರ್ಕೊಂಡು ಹೋಗು. ತಪ್ಪು ನಂದಽ ಅದ ಅಂತ ಬರೀರಿ. ಕಲ್ಲು ನಾ ಕೊಟ್ಟಿದ್ದಿಲ್ಲ ಅಂತ ಬರೀರಿ."

ಪೆನ್ನು ನಿಂತಿತು. "ಕೊಟ್ಟೀನಿ ಅಂತ ಭಂಡಾರ ಹಿಡದಿದ್ದೆಲ್ಲಾ?" ಅಂದೆ.

"ಹಿಡದಿದ್ದೆ ಖರೆರಿ. ಕೊಟ್ಟಿದ್ದು ಕಣ್ಮುಂದ ಬರ್ತದ. ಆದ್ರ ನೀವು ಇಲ್ಲ ಅಂದ್ರೆಲ್ಲಾ ಅಕ್ಕೋರ. ನೀವ್ಯಾಕ ಸುಳ್ಳು ಹೇಳ್ತೀರಿ? ನಾನಽ ಮರ್ತಿರಬೇಕು. ಹಿಟ್ಟು ನಾದೋ ಗಡಿಬಿಡ್ಯಾಗ ಮರ್ತಿರಬೇಕು."

ಅವಳು ಹೇಳಿದ ಹಾಗೆಯೇ ಬರೆದೆ. 'ತಪ್ಪು ನನ್ನದೇ' ಎಂದು ಸರಿಯಾಗಿ ಬರೆದು ಓದಿ ಹೇಳಿದೆ. ಚಲೋ ಬರದೀರಿ ಅಂದಳು. ಅಂಟು ಹಚ್ಚಿ ವಿಳಾಸ ಬರೆದು ಕೊಟ್ಟೆ. ಹೊರಡುವಾಗ ಬಗ್ಗಿ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಎಡಗೈಲೆ ಮುಟ್ಟಿದೆ ಅಂತ ತಪ್ಪು ತಿಳೀಬ್ಯಾಡ್ರಿ ಅಕ್ಕೋರ" ಅಂದಳು.

ಇರಲಿ ಬಿಡು ಅಂದೆ.